ಜಗಳದ ಜನರೇಟರ್

ಕರೆಂಟ್ ಹೋದರೆ ಅತ್ತೆಯ ಆಕ್ಸಿಜನ್ ಮಶೀನು ನಿಲ್ಲುತ್ತಿತ್ತು. ಪಂಪಾವತಿ ಜನರೇಟರ್ ಕೊಳ್ಳಲು ಹೋದಳು.

"ಹಾಡಿನಿಂದ ಓಡೋದು ಬೇಕೇನಮ್ಮಾ, ಜಗಳದಿಂದ ಓಡೋದಾ?" ಎಂದರು ಅಂಗಡಿಯ ಖಾದರ್ ಸಾಬ್. "ಹಾಡು ಬೇಗ ತೀರುತ್ತೆ. ಜಗಳಕ್ಕೆ ಇಬ್ಬರು ಬೇಕು, ಆದರೆ ಬಹಳ ಹೊತ್ತು ಓಡುತ್ತೆ."

ಗಂಡ ಎದುರಾಡುವವನಲ್ಲ. ಅವಳು ಜಗಳದ್ದನ್ನೇ ಕೊಂಡು, ಮಾತು ಬಿಟ್ಟಿದ್ದ ಓರಗಿತ್ತಿ ಈರಮ್ಮನನ್ನು ಕರೆತಂದಳು.

ಮಧ್ಯಾಹ್ನ ಕರೆಂಟ್ ಹೋಯಿತು. ಇಬ್ಬರೂ ಜನರೇಟರ್ ಮುಂದೆ ಕೂತು, ಮನೆ ಪಾಲಾದ ದಿನದಿಂದ ಹಿಡಿದು ಹಳೆಯದನ್ನೆಲ್ಲ ಕೆದಕಿದರು. ಮಶೀನು ಸರಾಗವಾಗಿ ಓಡಿತು. ಕೊನೆಗೆ ಈರಮ್ಮ, "ಹೋಗ್ಲಿ ಬಿಡಕ್ಕಾ, ನಂದೂ ತಪ್ಪಿತ್ತು," ಎಂದಳು. ಪಂಪಾವತಿ ಜಗಳ ಬಿಟ್ಟು ಅವಳ ಕೈ ಹಿಡಿದುಕೊಂಡಳು. ಮಶೀನು ತಡವರಿಸಿತು.

ಅತ್ತೆ ಮೂಗಿನ ಕೊಳವೆ ಸರಿಸಿ, "ಏನೇ ಅನ್ನಿ, ಈರಮ್ಮನ ಸಾರಿನ ರುಚಿ ಪಂಪಾವತಿಗೆ ಬರಲ್ಲ," ಎಂದರು.

"ಇಷ್ಟು ವರ್ಷ ಉಂಡಿದ್ದು ಯಾರ ಕೈ ಸಾರು?" ಎಂದಳು ಪಂಪಾವತಿ.

ಮಶೀನು ಮತ್ತೆ ಓಡತೊಡಗಿತು.