ಸಂತನ ಶೀರ್ಷಾಸನ

ಎರ್ಮೆಲಿಂಡಾ ಫೋಟೋ ಅಳಿಸುವಷ್ಟರಲ್ಲಿ ಸಾನ್ ಮಿಗೆಲ್ ಬೀದಿಯ ವಾಟ್ಸಾಪ್ ಗುಂಪಿನವರೆಲ್ಲ ಅದನ್ನು ಹಿಗ್ಗಿಸಿ ನೋಡಿಯಾಗಿತ್ತು. ಅವಳು ಮಾರಲು ಹೊರಟ ಸೋಫಾ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಹಿಂದಿನ ಗೂಡಿನಲ್ಲಿ ಸಂತ ಅಂತೋನಿಯೊ ತಲೆಕೆಳಗಾಗಿ ನಿಂತಿದ್ದ, ಅವನ ತಲೆಯಡಿಯಲ್ಲಿ ಗಂಡಸೊಬ್ಬನ ಫೋಟೋ ಇತ್ತು.

“ಗಂಡು ಸಿಗೋ ತನಕ ಸಂತಪ್ಪಂಗೆ ಶೀರ್ಷಾಸನವೇನೇ?” ಎಂದು ಎದುರುಮನೆಯ ತೊಮಾಸಾ ಬರೆದಳು. “ಮನೆಯೊಳಗಿನ ಫೋಟೋ ಹಾಕ್ಬೇಡಿ ಅಂತ ನಮಗೆಲ್ಲ ದಿನಾ ಪಾಠ ಮಾಡ್ತಿದ್ಯಲ್ಲೇ ತಾಯಿ. ಅಡಿಯಲ್ಲಿರೋದು ಬೇಕರಿ ಫಿದೆನ್ಸಿಯೊ ತಾನೆ?”

ನಗುವ ಮುಖಗಳು ಸಾಲುಗಟ್ಟಿದವು. ಎರ್ಮೆಲಿಂಡಾಳ ಕಿವಿ ಸುಡತೊಡಗಿತು. ಆದರೂ, ಹೋಗಲಿ, ಹೀಗಾದರೂ ಆ ವಿಧುರನಿಗೆ ವಿಷಯ ಮುಟ್ಟಿತಲ್ಲ ಎಂದು ಒಳಗೊಳಗೇ ಅನಿಸಿತು.

ಅಷ್ಟರಲ್ಲಿ ಫಿದೆನ್ಸಿಯೊ ಅವಳೊಬ್ಬಳಿಗೇ ಬರೆದ. “ಎರ್ಮೆಲಿಂಡಾ ಅವ್ರೇ, ಅದು ನನ್ನ ಹೆಂಡ್ತಿ ರೊಸೌರಾ ತೀರ್ಕೊಂಡು ವರ್ಷ ತುಂಬಿದ ಪೂಜೆ ದಿನ, ನಂಬಿದೋರಿಗೆ ಮಾತ್ರ ಕಾಣೋ ಹಾಗೆ ಸ್ಟೇಟಸ್‌ಗೆ ಹಾಕಿದ್ದ ಫೋಟೋ. ಪಕ್ಕದಲ್ಲಿ ರೊಸೌರಾ ಇದ್ದಳಲ್ಲ, ಅವಳೆಲ್ಲಿ?”

ಕತ್ತರಿ ಇನ್ನೂ ಗೂಡಿನಲ್ಲೇ ಇತ್ತು. ಎರ್ಮೆಲಿಂಡಾ ಸಂತನನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಅವನ ಮುಖ ನೋಡಲಾಗದೆ ಗೋಡೆಯ ಕಡೆಗೆ ತಿರುಗಿಸಿಟ್ಟಳು.