ಐದನೆಯ ನಂಬರಿನ ಎತ್ತು

"ಹಿಂಡಿ ಎಲ್ಲಿಗೆ ಹೋಗ್ತಿದೆ ಚೌಡಯ್ಯ?"

ಡಾಕ್ಟರ್ ಶಂಕರಲಿಂಗಪ್ಪನವರು ಇದನ್ನು ಕೇಳುತ್ತಿದ್ದುದು ಮೂರನೆಯ ಸಲ. ತೂಕದ ಹಲಗೆಯ ಮೇಲೆ ಐದನೆಯ ನಂಬರಿನ ಎತ್ತು ನಿಂತಿತ್ತು. ಮೂರು ತಿಂಗಳಲ್ಲಿ ಉಳಿದ ಏಳು ಎತ್ತುಗಳೂ ಮೈ ತುಂಬಿಕೊಂಡಿದ್ದವು. ಇದರ ಪಕ್ಕೆಲುಬನ್ನು ಮಾತ್ರ ದೂರದಿಂದಲೇ ಎಣಿಸಬಹುದಿತ್ತು.

"ಎಲ್ಲಾದ್ರಂಗೇ ಇದ್ಕೂ ಹಾಕ್ತಾ ಇವ್ನಿ ಬುದ್ಧಿ."

"ಎರಡು ಸೇರು ಹಿಂಡಿ, ಒಂದು ಸೇರು ಹುಣಸೆಬೀಜದ ಪುಡಿ?"

"ಊಂ ಬುದ್ಧಿ."

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುತ್ತಾರೆ. ಚೌಡಯ್ಯನ ಮುಖದಲ್ಲಿ ಹುಳ್ಳಗೂ ಇರಲಿಲ್ಲ, ಬೆಳ್ಳಗೂ ಇರಲಿಲ್ಲ. ಹಿಂದಿನ ದಿನ ಅವನ ಗುಡಿಸಲನ್ನು ಜಾಲಾಡಿಸಿದ್ದೂ ಆಗಿತ್ತು, ಒಂದು ಹಿಡಿ ಹಿಂಡಿಯೂ ಸಿಕ್ಕಿರಲಿಲ್ಲ.

"ನೋಡಯ್ಯ, ಹಿಂಡಿ ಕದ್ದರೆ ನಷ್ಟ ನನಗಲ್ಲ, ಈ ಎತ್ತಿಗೆ" ಎಂದು ಹೇಳಿ ಡಾಕ್ಟರು ಆಫೀಸಿನ ಕಡೆ ನಡೆದರು. ದೊಡ್ಡವರು ಹಾಗೆಲ್ಲ ಅನ್ನುವುದುಂಟು ಎಂದುಕೊಂಡು ಚೌಡಯ್ಯ ಎತ್ತನ್ನು ಹಲಗೆಯಿಂದ ಇಳಿಸಿದ.

ಐವತ್ತೆಂಟನೆಯ ಇಸವಿಯಲ್ಲಿ ಮದಲೂರು ಕೆರೆಯ ಕೆಳಗೆ ಸರ್ಕಾರ ಶುರುಮಾಡಿದ ಮೇವಿನ ಪರೀಕ್ಷೆ ಅದು. ಗೇಯಲಾರದ ಎತ್ತುಗಳಿಗೆ ಕಡಲೆಕಾಯಿ ಹಿಂಡಿಯ ಜೊತೆ ಹುಣಸೆಬೀಜ ಬೀಸಿ ತಿನ್ನಿಸಿದರೆ ಎಷ್ಟು ಮಾಂಸ ಕೂಡುತ್ತದೆ ಎಂದು ನೋಡುವುದು. ಮಾಂಸ ಎಂದ ಮೇಲೆ ಅವು ಕಡೆಗೆ ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಚೌಡಯ್ಯ ಕೇಳಲೂ ಇಲ್ಲ.

ಐದನೆಯ ನಂಬರು ಅವನದೇ ಎತ್ತು, ಬೂದ. ತಾಯಿ ಸತ್ತ ಕರುವನ್ನು ಹೆಂಡತಿ ಪಾಪಕ್ಕ ಗಂಜಿ ಕುಡಿಸಿ ಬದುಕಿಸಿದ್ದಳು. ಹೋದ ವರ್ಷ ಪಾಪಕ್ಕ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ದಿನದಿಂದ ಅವನಿಗೆ ಅಳುವೂ ಬರಲಿಲ್ಲ, ಹಸಿವೂ ಆಗಲಿಲ್ಲ. ತನ್ನೂರು ದೊಡ್ಡೇರಿಯಲ್ಲಿ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ತಮ್ಮ ಬೈಲಪ್ಪ "ಎತ್ತು ಮಾರ್ಬುಟ್ಟೆ ಕಣಣ್ಣ, ಮದ್ಲೂರತ್ರ ಸರ್ಕಾರದೋರು ತಗೊಂಡ್ರು" ಎಂದಾಗಲೂ ಊಂ ಎಂದಿದ್ದ. ಮೂರು ದಿನದ ಮೇಲೆ ಖಾಲಿ ಗೂಟ ಕಣ್ಣಿಗೆ ಬಿತ್ತು. ಅವತ್ತೇ ಹೊರಟು ಬಂದು ಇಲ್ಲಿ ಮೇವು ಹಾಕುವ ಕೆಲಸಕ್ಕೆ ಸೇರಿಕೊಂಡ. ಎತ್ತು ತನ್ನದೆಂದು ಬಾಯಿ ಬಿಡಲಿಲ್ಲ. ಬಿಟ್ಟರೆ ಕೊಟ್ಟಿಗೆಗೆ ಸೇರಿಸುತ್ತಾರೆಯೇ?

ತಿನ್ನಿಸುವುದು ಯಾತಕ್ಕೆ ಎನ್ನುವುದು ಅವನಿಗೆ ಹೊಸದಲ್ಲ. ಅವನಪ್ಪ ಊರಮ್ಮನ ಕೋಣ ಸಾಕಿದವನು. ಬೇಯಿಸಿದ ಹುರುಳಿ ತಿಂದು ಕೊಬ್ಬಿದ ಕೋಣ ಕತ್ತಿಗೆ ಹೋಗುತ್ತಿತ್ತು. ಬಡಕಲನ್ನು ಅಮ್ಮ ಒಪ್ಪುವುದಿಲ್ಲವೆಂದು ಬಿಟ್ಟುಬಿಡುತ್ತಿದ್ದರು. ಹಾಗೆ ಬಿಟ್ಟ ಒಂದು ಕೋಣ ಊರ ಹೊಲಗಳಲ್ಲಿ ಮೇದುಕೊಂಡು, ಮುದಿಯಾಗಿ ಸತ್ತಿದ್ದನ್ನು ಅವನು ಕಂಡಿದ್ದ.

ದಿನಾ ಬೆಳಿಗ್ಗೆ ಎಲ್ಲರೆದುರು ಬೂದನ ಬಾನಿಗೆ ಹಿಂಡಿ ಸುರಿಯುತ್ತಿದ್ದ. ಡಾಕ್ಟರು ಅತ್ತ ತಿರುಗಿದ ಕೂಡಲೆ ಬಾಚಿ ಅಕ್ಕಪಕ್ಕದ ಎತ್ತುಗಳಿಗೆ ಹಂಚುತ್ತಿದ್ದ. ಬೂದನಿಗೆ ಬರೀ ಒಣ ರಾಗಿಹುಲ್ಲು. ಅದು ಹಿಂಡಿಯ ವಾಸನೆಗೆ ಮೂಗರಳಿಸಿ ಅವನ ಬೆರಳು ನೆಕ್ಕುತ್ತಿತ್ತು. ಪಾಪಕ್ಕ ಉಣ್ಣಿಸಿದ ಬಾಯಿಂದ ತಾನು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಸಂಕಟ ಆಗಬೇಕಿತ್ತು, ಆಗುತ್ತಿರಲಿಲ್ಲ. ಕೈ ತೊಳೆದುಕೊಂಡು ಸಗಣಿ ಬಾಚಲು ಹೋಗುತ್ತಿದ್ದ.

ಆರು ತಿಂಗಳು ಮುಗಿಯಿತು. ಕೊನೆಯ ತೂಕದ ದಿನ ಶಿರಾದಿಂದ ಗುಲಾಮ್ ಮೊಹಿದ್ದೀನ್ ಸಾಬರು ಬಂದರು. ಮಾಂಸದ ವ್ಯಾಪಾರಿ. ಹೆಗಲ ಮೇಲೆ ಒಂದೇ ಒಂದು ಹಗ್ಗವಿತ್ತು. ಹೋಗುವುದು ಒಂದೇ ಎತ್ತು ಎಂದು ಚೌಡಯ್ಯ ತಿಳಿದುಕೊಂಡ.

ಸಾಬರು ಸಾಲಿನುದ್ದಕ್ಕೂ ನಡೆದು, ಎಲ್ಲಕ್ಕಿಂತ ದಪ್ಪಗಿದ್ದ ಎರಡನೆಯ ನಂಬರಿನ ಬೆನ್ನು ತಟ್ಟಿದರು. "ಮಾಶಾ ಅಲ್ಲಾ! ಏನ್ ಮೈ ಬಂದೈತೆ! ಚೆನ್ನಾಗಿ ಸಾಕಿದೀಯ ಅಣ್ಣಾ."

ಚೌಡಯ್ಯ ಬೂದನ ಬಳಿಗೆ ಓಡಿದ. ಅದರ ಕುತ್ತಿಗೆ ತಬ್ಬಿಕೊಂಡ. "ಉಳ್ಕಂಡೆ ಕಣ್ಲಾ" ಎಂದು ಅದರ ಕಿವಿಯಲ್ಲಿ ಹೇಳುವಾಗ ಕಣ್ಣಿಂದ ನೀರು ಸುರಿಯಿತು. ಒಂದು ವರ್ಷದ ಮೇಲೆ ಮೊದಲ ಸಲ ಹಸಿವಾಯಿತು. ಸಂಜೆಗೆ ಮುದ್ದೆ, ಹುರುಳಿಕಾಳಿನ ಸಾರು ಮಾಡಬೇಕು ಅಂದುಕೊಂಡ.

"ಎರಡನೇದರ ಮೇಲೆ ಕಣ್ಣು ಹಾಕಬೇಡಿ ಸಾಬರೇ" ಎಂದು ಶಂಕರಲಿಂಗಪ್ಪನವರು ನಕ್ಕರು. "ಮೈ ಹಿಡಿದವು ಎಷ್ಟು ವರ್ಷ ಹೀಗೇ ಇರ್ತವೆ ಅಂತ ಸಾಯೋವರೆಗೂ ಇಲ್ಲೇ ಸಾಕಿ ನೋಡ್ತೀವಿ, ಮೊದಲಿಂದಲೂ ನಿಯಮ ಅದೇ. ಎಷ್ಟು ತಿಂದರೂ ಮೈ ಹಿಡೀದೆ ಇದ್ದದ್ದನ್ನ ಮಾತ್ರ ನಿಮಗೆ ಕೊಡೋದು. ಚೌಡಯ್ಯ, ಐದನೇದನ್ನ ಬಿಚ್ಚು."