ಹೆಣದ ನಗು

ಮುಂದೆಂದೋ ಬರುವ ಕಾಲದಲ್ಲಿ ಟಿವಿಯವರೇ ಯುದ್ಧ ಹೂಡಿ, ಸಾಯುವವರನ್ನು ಜನರಿಗೆ ಆಟದಂತೆ ತೋರಿಸುತ್ತಾರೆ. ಹೀಗೊಂದು ಕಥೆ ಹೇಳಿ ಅಂಥ ಟಿವಿಯವರಿಗೆ ಮಂಗಳಾರತಿ ಎತ್ತುವ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಬಾಂಬಿಗೆ ಸತ್ತವರ ಸಾಲಿನಲ್ಲಿ ಸುಲೋಚನ ಹೆಣವಾಗಿ ಮಲಗಿದ್ದಳು.

ಕಟ್ ಎಂದ ಮೇಲೆ ನಿರ್ದೇಶಕ ಕೂಗಿದ: "ಯಾರೂ ಏಳ್ಬೇಡಿ! ಕ್ಯಾಮೆರಾ ನೋಡಿ ಒಂದ್ಸಲ ನಕ್ಕುಬಿಡಿ."

ಹೆಣವಾದವರು ನಗದೆ ಎದ್ದರೆ ಸಾವು ಮನೆಯ ತನಕ ಹಿಂದೆಯೇ ಬರುತ್ತದೆಂದು ಶೂಟಿಂಗಿನವರ ನಂಬಿಕೆ.

ಸುಲೋಚನಳಿಗೆ ನಗು ಬರಲಿಲ್ಲ. ಎದುರುಮನೆ ತಾಯಮ್ಮನ ಮಗ ಗಡಿಯ ಊರೊಂದರಲ್ಲಿ ಹೋಟೆಲ್ ಕೆಲಸಕ್ಕಿದ್ದ. ಅಲ್ಲಿ ನಿಜವಾದ ಬಾಂಬು ಬಿದ್ದು ಅವನು ಸತ್ತನೆಂಬ ಸುದ್ದಿ ಬೆಳಿಗ್ಗೆಯಷ್ಟೇ ಬಂದಿತ್ತು. ಹೆಣ ಇನ್ನೂ ಬಂದಿರಲಿಲ್ಲ.

"ನಗಮ್ಮಾ, ನಿನ್ನೊಬ್ಬಳಿಗೋಸ್ಕರ ಎಲ್ಲಾ ಕಾಯ್ತಿದಾರೆ," ಎಂದು ನಿರ್ದೇಶಕ ಗದರಿದ.

ಅವಳು ರಕ್ತ ಬಳಿದ ಮುಖದಲ್ಲೇ ಹಲ್ಲು ಕಿರಿದಳು. ಪಕ್ಕದಲ್ಲಿದ್ದವರು ಯಾರೋ ಅದನ್ನು ಮೊಬೈಲಿನಲ್ಲೂ ಹಿಡಿದುಕೊಂಡರು.

ಸಂಜೆ ವಠಾರಕ್ಕೆ ಮರಳಿದಾಗ ತಾಯಮ್ಮನ ಮನೆಯಿಂದ ಅಳು ಕೇಳಿಸಲಿಲ್ಲ. ಘಮಘಮ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಳಗೆ ಟಿವಿಯಲ್ಲಿ ವಾರ್ತೆಯವನು ಗಂಟಲು ಹರಿಯುವಂತೆ ಅರಚುತ್ತಿದ್ದ: "ಗಡಿಯಲ್ಲಿ ಬಿದ್ದ ಬಾಂಬಿಗೆ ಒಬ್ಬರೂ ಸತ್ತಿಲ್ಲ! ಎಲ್ಲಾ ಶತ್ರುಗಳ ನಾಟಕ! ನೋಡಿ, ಹೆಣಗಳು ಹೇಗೆ ನಗ್ತಿವೆ!"

ಪರದೆಯ ತುಂಬ ಸುಲೋಚನಳ ಮುಖ.

ತಾಯಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದಳು. ಸುಲೋಚನಳ ಗಲ್ಲ ಹಿಡಿದು, ಕಿವಿಯ ಹಿಂದೆ ಉಳಿದಿದ್ದ ಕೆಂಪು ಬಣ್ಣವನ್ನು ಸೆರಗಿನಿಂದ ಒರೆಸಿದಳು.

"ನೀನು ಆಗ್ಲೇ ಎದ್ದು ಬಂದ್ಯಲ್ಲೇ! ನನ್ ಮಗ ಎಷ್ಟೊತ್ತಿಗೆ ಬರ್ತಾನೆ?"